ಖಾಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟವರಿಗೆ ಸಾಮಾನಿನ ವಿಮೆ ಬೇಕೆ?

ಮಂಚವಿಲ್ಲ, ಸೋಫಾ ಇಲ್ಲ, ಫ್ರಿಜ್ ಇಲ್ಲ. ಹಾಗಿದ್ದರೂ ಮಾಲೀಕರು ಕಳೆದುಕೊಳ್ಳುವುದು ಬಹಳಷ್ಟಿದೆ. ಯಾವುದಕ್ಕೆ ವಿಮೆ ಮಾಡಿಸಬೇಕು, ಯಾವುದಕ್ಕೆ ಹಣ ಸುರಿಯಬೇಕಿಲ್ಲ?

“ಆ ಫ್ಲ್ಯಾಟಿನಲ್ಲಿ ನಮ್ಮದು ಅಂತ ಒಂದು ಸ್ಟೂಲೂ ಇಲ್ಲ. ವಿಮೆ ಯಾತಕ್ಕೆ?” ಬಾಡಿಗೆಗೆಂದು ಎರಡನೇ ಮನೆ ಮಾಡಿಕೊಂಡವರ ನಡುವೆ ವಿಮೆಯ ಮಾತು ಎತ್ತಿದರೆ ಮೊದಲು ಬರುವ ಉತ್ತರ ಇದು. ಮಾತಿನಲ್ಲಿ ತರ್ಕವೂ ಇದೆ. ಸೋಫಾ, ಮಂಚ, ಟೀವಿ, ವಾಷಿಂಗ್ ಮಷೀನು ಎಲ್ಲವನ್ನೂ ಬಾಡಿಗೆದಾರರೇ ತಂದುಕೊಳ್ಳುತ್ತಾರೆ. ಬೆಂಕಿ ಬಿದ್ದರೆ ಸುಡುವುದು ಅವರ ಸಾಮಾನು, ನೀರು ನುಗ್ಗಿದರೆ ನೆನೆಯುವುದು ಅವರ ಹಾಸಿಗೆ. ಇಲ್ಲದ ಸಾಮಾನಿಗೆ ಮಾಲೀಕರು ಪ್ರೀಮಿಯಂ ಯಾಕೆ ಕಟ್ಟಬೇಕು?

ಕಟ್ಟಬೇಕಿಲ್ಲ ಎಂಬುದೇ ನೇರ ಉತ್ತರ. ಪೀಠೋಪಕರಣವಿಲ್ಲದ ಫ್ಲ್ಯಾಟಿಗೆ ಮನೆಸಾಮಾನಿನ ವಿಮೆಯನ್ನು ಬೇರೆಯಾಗಿ ಕೊಳ್ಳುವ ಅಗತ್ಯ ಬಹುತೇಕ ಮಾಲೀಕರಿಗೆ ಬರುವುದಿಲ್ಲ. ತೊಂದರೆ ಶುರುವಾಗುವುದು ಇಲ್ಲಿಂದ ಮುಂದೆ. ಸಾಮಾನಿನ ವಿಮೆ ಬೇಡ ಎಂದ ಬಾಯಲ್ಲೇ ಅನೇಕರು ವಿಮೆಯೇ ಬೇಡ ಎಂದುಬಿಡುತ್ತಾರೆ. ಖಾಲಿ ಎಂದು ನಾವು ಕರೆಯುವ ಮನೆಯಲ್ಲಿ ಮಾಲೀಕರ ದುಡ್ಡು ಗೋಡೆಯಲ್ಲಿದೆ, ನೆಲದಲ್ಲಿದೆ, ಗೋಡೆಯೊಳಗಿನ ವೈರಿಂಗು ಪೈಪುಗಳಲ್ಲಿದೆ, ತಿಂಗಳ ಮೊದಲ ವಾರ ಖಾತೆಗೆ ಬರುವ ಬಾಡಿಗೆಯಲ್ಲಿದೆ. ಇವು ಯಾವುವೂ ಮನೆಸಾಮಾನಲ್ಲ. ಆದ್ದರಿಂದ ಸಾಮಾನು ಇದೆಯೋ ಇಲ್ಲವೋ ಎಂಬ ಪ್ರಶ್ನೆಯಿಂದ ವಿಮೆಯ ಯೋಚನೆ ಆರಂಭವಾಗಲೇಬಾರದು.

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಮಾಲೀಕರೆಂದರೆ ಎಲ್ಲರೂ ಆಸ್ತಿವಂತರಲ್ಲ. ನಿವೃತ್ತಿಯಾದಾಗ ಬಂದ ಇಡುಗಂಟನ್ನು ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಹಾಕಿ, ಅದರ ಬಾಡಿಗೆಯನ್ನೇ ಪಿಂಚಣಿಯಂತೆ ನೆಚ್ಚಿಕೊಂಡವರಿದ್ದಾರೆ. ಒಂದು ಕೈಯಲ್ಲಿ ಬಾಡಿಗೆ ಪಡೆದು ಇನ್ನೊಂದು ಕೈಯಲ್ಲಿ ಬ್ಯಾಂಕಿನ ಕಂತು ಕಟ್ಟುವವರಿದ್ದಾರೆ. ಮಗ ಅಮೆರಿಕದಲ್ಲಿ, ಫ್ಲ್ಯಾಟು ಮಾರತಹಳ್ಳಿಯಲ್ಲಿ, ಮೇಲ್ವಿಚಾರಣೆ ಮೈಸೂರಿನಲ್ಲಿರುವ ತಂದೆಯದು ಎಂಬ ಮನೆಗಳೂ ಇವೆ. ಇಂಥವರಿಗೆ ಒಂದು ಅವಘಡ, ಆರು ತಿಂಗಳ ಬಾಡಿಗೆ ಖೋತಾ ಎಂದರೆ ಸಂಸಾರದ ಲೆಕ್ಕವೇ ತಲೆಕೆಳಗಾಗುತ್ತದೆ. ವಿಮೆಯ ವಿಚಾರ ಸರಿಯಾಗಿ ತಿಳಿದುಕೊಳ್ಳಬೇಕಾದವರು ಮುಖ್ಯವಾಗಿ ಇವರೇ.

ಒಂದೇ ಪಾಲಿಸಿ, ಎರಡು ಭಾಗ

ನಮ್ಮಲ್ಲಿ ಮನೆ ವಿಮೆ ಎಂದರೆ ಈಗ ಮೊದಲು ನೋಡಬೇಕಾದದ್ದು ‘ಭಾರತ್ ಗೃಹ ರಕ್ಷಾ’. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ರೂಪಿಸಿದ ಈ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೆಂಕಿ ಮತ್ತು ಅದಕ್ಕೆ ಹೊಂದಿಕೊಂಡ ಅಪಾಯಗಳಿಗೆ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು. ಷರತ್ತುಗಳು ಎಲ್ಲೆಡೆ ಒಂದೇ, ಬದಲಾಗುವುದು ಪ್ರೀಮಿಯಂ ಮತ್ತು ಸೇವೆಯ ಗುಣಮಟ್ಟ ಮಾತ್ರ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ವಾಹನ ಅಥವಾ ಮರ ಬಂದು ಅಪ್ಪಳಿಸುವುದು, ನೀರಿನ ಟ್ಯಾಂಕು ಪೈಪು ಒಡೆಯುವುದು, ಭಯೋತ್ಪಾದನೆಯ ಕೃತ್ಯ ಇವೆಲ್ಲ ಒಂದೇ ಪಾಲಿಸಿಯ ಒಳಗಿವೆ.

ಪಾಲಿಸಿಗೆ ಎರಡು ಭಾಗ. ಒಂದು ಕಟ್ಟಡದ್ದು, ಇನ್ನೊಂದು ಮನೆಯೊಳಗಿನ ಸಾಮಾನಿನದು. ಎರಡರಲ್ಲಿ ಒಂದನ್ನು ಮಾತ್ರ ಕೊಳ್ಳಬಹುದು, ಎರಡನ್ನೂ ಕೊಳ್ಳಬಹುದು. ಖಾಲಿ ಫ್ಲ್ಯಾಟಿನ ಮಾಲೀಕರು ಗಮನಿಸಬೇಕಾದ ಅಂಶ ಇಲ್ಲಿದೆ: ಕಟ್ಟಡಕ್ಕೆ ವಿಮೆ ಮಾಡಿಸಿದವರ ಸಾಮಾನ್ಯ ಗೃಹೋಪಯೋಗಿ ವಸ್ತುಗಳಿಗೆ, ಪಟ್ಟಿ ಕೊಡುವ ಗೋಜಿಲ್ಲದೆ, ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು ರಕ್ಷಣೆ ಜೊತೆಗೇ ಬರುತ್ತದೆ. ಗರಿಷ್ಠ ಮಿತಿ ₹10 ಲಕ್ಷ. ಕಟ್ಟಡಕ್ಕೆ ₹30 ಲಕ್ಷದ ವಿಮೆ ಇದ್ದರೆ ಸಾಮಾನಿಗೆ ₹6 ಲಕ್ಷ ಸಿಕ್ಕಿದಂತಾಯಿತು. ಖಾಲಿ ಫ್ಲ್ಯಾಟಿನಲ್ಲಿ ಮಾಲೀಕರಿಗೆ ಸೇರಿದ ಬಿಡಿ ವಸ್ತುಗಳ ಬೆಲೆ ಇದರ ಹತ್ತಿರಕ್ಕೂ ಬರುವುದಿಲ್ಲ. ಬೇರೆ ವಿಮೆ ಯಾಕೆ ಬೇಕಿಲ್ಲ ಎಂಬುದಕ್ಕೆ ಇದೇ ಕಾರಣ. ಪಾಲಿಸಿ ಕೈಗೆ ಬಂದ ದಿನ ಷೆಡ್ಯೂಲ್ ಪುಟ ತೆರೆದು, ಸಾಮಾನಿನ ಸಾಲಿನಲ್ಲಿ ಆ ಮೊತ್ತ ನಮೂದಾಗಿದೆಯೇ ಎಂದು ನೋಡಿಕೊಂಡರೆ ಸಾಕು.

ಎರಡು ಬೆಡ್‌ರೂಮಿನ ಮನೆಯೊಳಗೆ ಒಂದು ಸುತ್ತು

ಬೆಂಗಳೂರಿನ ಬಾಡಿಗೆ ಮಾರುಕಟ್ಟೆಯಲ್ಲಿ ‘ಅನ್‌ಫರ್ನಿಶ್ಡ್’ ಎಂದು ಹೇಳುವ ಮನೆಯೂ ಬರಿಗೋಡೆಯಲ್ಲ. ‘ಸೆಮಿ ಫರ್ನಿಶ್ಡ್’ ಎನ್ನುವುದಕ್ಕೂ ಅದಕ್ಕೂ ನಡುವಿನ ಗೆರೆ ತೆಳು. ಬಾಗಿಲು ತೆಗೆದು ಒಳಗೆ ಬಂದರೆ ಹಾಲಿನಲ್ಲಿ ಎರಡು ಫ್ಯಾನು, ಟ್ಯೂಬ್‌ಲೈಟು, ಕರ್ಟನ್ ರಾಡು. ರೂಮುಗಳಲ್ಲಿ ಗೋಡೆಗೆ ಕೂರಿಸಿದ ವಾರ್ಡ್‌ರೋಬು. ಅಡುಗೆಮನೆಯಲ್ಲಿ ಗ್ರಾನೈಟ್ ಕಟ್ಟೆ, ಸಿಂಕು, ಅದರ ಕೆಳಗೆ ಪ್ಲೈವುಡ್ಡಿನ ಡ್ರಾಯರುಗಳು, ಒಲೆಯ ಮೇಲೆ ಚಿಮಣಿ. ಬಚ್ಚಲಿನಲ್ಲಿ ಗೀಸರು, ಕಮೋಡು, ನಲ್ಲಿಗಳು. ಯುಟಿಲಿಟಿಯಲ್ಲಿ ಇನ್ವರ್ಟರಿಗೆಂದು ಎಳೆದ ಲೈನು, ಕೆಲವೊಮ್ಮೆ ಇನ್ವರ್ಟರೂ ಬ್ಯಾಟರಿಯೂ. ಬಾಲ್ಕನಿಗೆ ಪಾರಿವಾಳದ ಬಲೆ.

ಇವುಗಳಲ್ಲಿ ಯಾವುದು ಕಟ್ಟಡ, ಯಾವುದು ಸಾಮಾನು? ಭಾರತ್ ಗೃಹ ರಕ್ಷಾ ಪ್ರಕಾರ ನೆಲಕ್ಕೆ, ಗೋಡೆಗೆ, ಚಾವಣಿಗೆ ಕಾಯಂ ಆಗಿ ಕೂರಿಸಿದ್ದೆಲ್ಲ ಕಟ್ಟಡದ ಭಾಗ. ವೈರಿಂಗು, ಕಮೋಡು, ವಾಷ್‌ಬೇಸಿನ್ನು, ಗ್ರಾನೈಟ್ ಕಟ್ಟೆ, ಗೋಡೆಯೊಳಗೇ ಸೇರಿಸಿ ಮಾಡಿದ ವಾರ್ಡ್‌ರೋಬು ಇದಕ್ಕೆ ಸೇರುತ್ತವೆ. ಪೀಠೋಪಕರಣ, ಎಲೆಕ್ಟ್ರಾನಿಕ್ ವಸ್ತು, ಅಡುಗೆಮನೆಯ ಸಲಕರಣೆಗಳು ಸಾಮಾನು. ಗೋಡೆಗೆ ತೂಗುಹಾಕಿದ ವಿದ್ಯುತ್ ಉಪಕರಣಗಳನ್ನೂ ಪಾಲಿಸಿ ಸಾಮಾನಿನ ಪಟ್ಟಿಗೇ ಸೇರಿಸುತ್ತದೆ. ಹಾಗಾಗಿ ಗೀಸರು, ಚಿಮಣಿ, ಫ್ಯಾನುಗಳು ಎರಡರ ನಡುವಿನ ಗಡಿಯಲ್ಲಿ ನಿಂತ ವಸ್ತುಗಳು. ಕಟ್ಟಡದ ವಿಮೆಯ ಜೊತೆಗೆ ಆ ಶೇ 20ರ ರಕ್ಷಣೆಯೂ ಕೈಯಲ್ಲಿದ್ದರೆ ಈ ಗಡಿ ಜಗಳ ಮಾಲೀಕರನ್ನು ಕಾಡುವುದಿಲ್ಲ. ಚಿಮಣಿಯನ್ನು ಸರ್ವೇಯರ್ ಯಾವ ಕಡೆಗೆ ಸೇರಿಸಿದರೂ ಅದಕ್ಕೆ ಒಂದು ನೆಲೆ ಇರುತ್ತದೆ. ಸ್ವಲ್ಪ ಪ್ರೀಮಿಯಂ ಉಳಿಯುತ್ತದೆಂದು ಕಟ್ಟಡಕ್ಕೆ ಮಾತ್ರ ಪಾಲಿಸಿ ಮಾಡಿಸಿ, ಸಾಮಾನಿನ ಭಾಗವನ್ನು ಶೂನ್ಯ ಮಾಡಿಸಿಕೊಂಡವರಿಗೆ ಮಾತ್ರ ತಕರಾರು ಎದುರಾಗಬಹುದು.

ಮಧ್ಯರಾತ್ರಿ ಪೈಪು ಒಡೆದರೆ

ಪಾಲಿಸಿಯ ಷರತ್ತುಗಳು ಓದಿದಾಗ ಅರ್ಥವಾಗದೆ ಹೋದರೂ ಒಂದು ಅವಘಡವನ್ನು ಮುಂದಿಟ್ಟುಕೊಂಡು ನೋಡಿದರೆ ಬಿಡಿಬಿಡಿಯಾಗಿ ಕಾಣುತ್ತವೆ. ಮೂರನೇ ಮಹಡಿಯ ಫ್ಲ್ಯಾಟು. ಬಾಡಿಗೆದಾರರು ಊರಿಗೆ ಹೋಗಿದ್ದಾರೆ. ಬಚ್ಚಲಿನ ಗೋಡೆಯೊಳಗಿನ ಪೈಪು ರಾತ್ರಿ ಒಡೆದು, ಬೆಳಿಗ್ಗೆ ಸೆಕ್ಯುರಿಟಿಯವರು ಗಮನಿಸುವ ಹೊತ್ತಿಗೆ ಮನೆಯೆಲ್ಲ ನೀರು ಎಂದುಕೊಳ್ಳಿ. ವಾರ್ಡ್‌ರೋಬಿನ ಪ್ಲೈವುಡ್ ಉಬ್ಬಿದೆ. ಮರದ ನೆಲಹಾಸು ಎದ್ದಿದೆ. ಬಾಡಿಗೆದಾರರ ಹಾಸಿಗೆ, ಪುಸ್ತಕ, ಲ್ಯಾಪ್‌ಟಾಪು ನೆಂದಿವೆ. ಎರಡನೇ ಮಹಡಿಯವರ ಫಾಲ್ಸ್ ಸೀಲಿಂಗು ಕುಸಿದಿದೆ.

ವಾರ್ಡ್‌ರೋಬು ಮತ್ತು ನೆಲಹಾಸಿನ ದುರಸ್ತಿ ಮಾಲೀಕರ ಪಾಲಿಸಿಯಿಂದ ಬರುತ್ತದೆ. ಪೈಪು ಒಡೆದು ಆದ ಹಾನಿ ಪಾಲಿಸಿಯ ವ್ಯಾಪ್ತಿಯಲ್ಲಿದೆ. ದುರಸ್ತಿ ಮುಗಿಯುವವರೆಗೆ ಮನೆ ವಾಸಕ್ಕೆ ಯೋಗ್ಯವಲ್ಲ ಎಂದಾದರೆ ಆ ಅವಧಿಯ ಬಾಡಿಗೆಯೂ ಸಿಗುತ್ತದೆ. ಬಾಡಿಗೆದಾರರ ಹಾಸಿಗೆ, ಲ್ಯಾಪ್‌ಟಾಪುಗಳಿಗೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕೆಳಗಿನ ಮನೆಯವರ ಸೀಲಿಂಗಿಗೂ ಬರುವುದಿಲ್ಲ, ಏಕೆಂದರೆ ಭಾರತ್ ಗೃಹ ರಕ್ಷಾ ರಕ್ಷಿಸುವುದು ನಮ್ಮ ಆಸ್ತಿಯನ್ನು. ನಮ್ಮಿಂದ ಇನ್ನೊಬ್ಬರಿಗಾದ ನಷ್ಟದ ಹೊಣೆಯನ್ನು ಅದು ಹೊರುವುದಿಲ್ಲ. ಆ ಹೊಣೆಗೆ ಬೇರೆ ರಕ್ಷಣೆ ಬೇಕು. ಹೌಸ್‌ಹೋಲ್ಡರ್ ಎಂಬ ಹೆಸರಿನಲ್ಲಿ ಬರುವ ಪ್ಯಾಕೇಜ್ ಪಾಲಿಸಿಗಳಲ್ಲಿ ‘ಪಬ್ಲಿಕ್ ಲಯಬಿಲಿಟಿ’ ಎಂಬ ಭಾಗ ಇರುತ್ತದೆ. ಬಹುಮಹಡಿ ಕಟ್ಟಡದಲ್ಲಿ ಒಬ್ಬರ ನೆಲ ಇನ್ನೊಬ್ಬರ ಚಾವಣಿ. ಸಾಮಾನಿನ ವಿಮೆಗೆ ಹಾಕಬೇಕೆಂದಿದ್ದ ಹಣವನ್ನು ಈ ಹೊಣೆಯ ರಕ್ಷಣೆಗೆ ಹಾಕುವುದು ಖಾಲಿ ಫ್ಲ್ಯಾಟಿನ ಮಾಲೀಕರಿಗೆ ಹೆಚ್ಚು ಉಪಯುಕ್ತ.

ಇದೇ ಪೈಪು ಒಡೆಯುವ ಬದಲು ಎಂಟು ತಿಂಗಳಿಂದ ಜಿನುಗುತ್ತಿದ್ದು, ಗೋಡೆಗೆ ಪಾಚಿ ಕಟ್ಟಿ, ಪ್ಲಾಸ್ಟರು ಉದುರಿದ್ದರೆ ಕಥೆ ಬೇರೆ. ನಿಧಾನವಾಗಿ ಆದ ಸವೆತ, ನಿರ್ವಹಣೆಯ ಕೊರತೆಗಳನ್ನು ವಿಮೆ ಒಪ್ಪುವುದಿಲ್ಲ. ಶಾರ್ಟ್ ಸರ್ಕ್ಯೂಟ್ ವಿಷಯದಲ್ಲೂ ಇಂಥದೇ ಒಂದು ಗೆರೆ ಇದೆ. ಶಾರ್ಟ್ ಆಗಿ ಸುಟ್ಟುಹೋದ ಗೀಸರಿಗೆ ಪರಿಹಾರವಿಲ್ಲ. ಗೀಸರಿನಿಂದ ಎದ್ದ ಬೆಂಕಿ ಬಚ್ಚಲನ್ನೂ ಪಕ್ಕದ ರೂಮನ್ನೂ ಸುಟ್ಟರೆ ಆ ಹಾನಿಗೆ ಪರಿಹಾರವಿದೆ.

ಕಳ್ಳತನದ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಿಬಿಡಬೇಕು. ಪ್ರವಾಹವೋ ಬೆಂಕಿಯೋ ಆದಮೇಲೆ, ಅದೇ ಕಾರಣದಿಂದ, ಏಳು ದಿನದೊಳಗೆ ಕಳವಾದರೆ ಮಾತ್ರ ಭಾರತ್ ಗೃಹ ರಕ್ಷಾ ಪರಿಹಾರ ಕೊಡುತ್ತದೆ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಬೀಗ ಮುರಿದು ನಲ್ಲಿ, ತಾಮ್ರದ ವೈರು ಕಿತ್ತೊಯ್ದರೆ ಅದು ಈ ಪಾಲಿಸಿಗೆ ಸೇರುವುದಿಲ್ಲ. ಆ ಭಯ ಇರುವವರು ಕನ್ನಗಳವಿನ ರಕ್ಷಣೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ನಿಂತುಹೋಗುವ ಬಾಡಿಗೆ

2022ರ ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತಂದದ್ದನ್ನು ನಾಡೇ ನೋಡಿದೆ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನೊಳಗೆ 2021ರ ನವೆಂಬರಿನಲ್ಲಿ ನೀರು ನುಗ್ಗಿತು, 2024ರ ಅಕ್ಟೋಬರಿನಲ್ಲಿ ಮತ್ತೆ ನುಗ್ಗಿತು. ಕೆರೆಗಳ ನಡುವಿನ ರಾಜಕಾಲುವೆಗಳು ಕಿರಿದಾದ ನಗರದಲ್ಲಿ ಪ್ರವಾಹ ಹಳ್ಳಿಗಾಡಿನ ಹೊಳೆದಂಡೆಗೆ ಮಾತ್ರ ಸೇರಿದ ಮಾತಲ್ಲ. ಇಂಥ ಹೊತ್ತಿನಲ್ಲಿ ಬಾಡಿಗೆದಾರರು ಮೊದಲು ಮಾಡುವ ಕೆಲಸ ಬೇರೆ ಮನೆ ಹುಡುಕುವುದು. ಅವರನ್ನು ತಪ್ಪು ಎನ್ನುವಂತಿಲ್ಲ, ಕಾನೂನೂ ಅವರ ಪರವಾಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಮನೆಯ ಮುಖ್ಯ ಭಾಗ ನಾಶವಾದರೆ ಅಥವಾ ಬಹುಮಟ್ಟಿಗೆ ಕಾಯಂ ಆಗಿ ಬಳಕೆಗೆ ಬಾರದಂತಾದರೆ, ಅದು ಬಾಡಿಗೆದಾರರ ತಪ್ಪಿನಿಂದ ಆಗದಿದ್ದಲ್ಲಿ, ಅವರು ಕರಾರನ್ನೇ ರದ್ದು ಮಾಡಿಕೊಳ್ಳಬಹುದು. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಈ ನಿಯಮವೇ ಅನ್ವಯ.

ಮಾಲೀಕರಿಗೆ ಉಳಿಯುವುದು ಹಾಳಾದ ಮನೆ, ನಿಂತ ಬಾಡಿಗೆ, ನಿಲ್ಲದ ಬ್ಯಾಂಕಿನ ಕಂತು. ಕಟ್ಟಡದ ವಿಮೆಯ ನಿಜವಾದ ಬೆಲೆ ತಿಳಿಯುವುದು ಆಗ. ಪಾಲಿಸಿ ಒಪ್ಪುವ ಕಾರಣದಿಂದ ಮನೆಗೆ ಹಾನಿಯಾಗಿ ಅದು ವಾಸಕ್ಕೆ ಯೋಗ್ಯವಲ್ಲದಂತಾದರೆ, ದುರಸ್ತಿಗೆ ಬೇಕಾಗುವ ಸಮಂಜಸ ಅವಧಿಗೆ, ಗರಿಷ್ಠ ಮೂರು ವರ್ಷದವರೆಗೆ, ಮಾಲೀಕರು ಕಳೆದುಕೊಂಡ ಬಾಡಿಗೆಯನ್ನು ಭಾರತ್ ಗೃಹ ರಕ್ಷಾ ತುಂಬಿಕೊಡುತ್ತದೆ. ಸಾಮಾನಿನ ವಿಮೆ ಎಷ್ಟು ದೊಡ್ಡದಿದ್ದರೂ ಈ ಕೆಲಸ ಮಾಡುವುದಿಲ್ಲ.

ಇದಕ್ಕೊಂದು ಷರತ್ತು ಉಂಟು. ಬಾಡಿಗೆ ಎಷ್ಟು ಬರುತ್ತಿತ್ತು ಎಂಬುದಕ್ಕೆ ದಾಖಲೆ ತೋರಿಸಬೇಕು. ಬಾಯಿಮಾತಿನ ಕರಾರು, ನಗದು ಬಾಡಿಗೆ ಇರುವ ಮನೆಗಳಿಗೆ ಇದು ಕಷ್ಟ. ಇನ್ನು ಭೋಗ್ಯಕ್ಕೆ, ಅಂದರೆ ಬೆಂಗಳೂರಿನ ಆಡುಮಾತಿನಲ್ಲಿ ಲೀಸಿಗೆ, ಕೊಟ್ಟ ಮನೆಗಳ ಸಂಗತಿ ಇನ್ನೂ ಸೂಕ್ಷ್ಮ. ಅಲ್ಲಿ ತಿಂಗಳ ಬಾಡಿಗೆಯೇ ಇಲ್ಲ, ಹಾಗಾಗಿ ಬಾಡಿಗೆ ನಷ್ಟ ಎಂದು ತೋರಿಸಲು ಏನೂ ಇರುವುದಿಲ್ಲ. ಮನೆ ಹಾಳಾಗಿ ಭೋಗ್ಯದಾರರು ಹೊರಟರೆ ಲಕ್ಷಗಟ್ಟಲೆ ಮುಂಗಡವನ್ನು ಒಂದೇ ಸಲ ಹಿಂತಿರುಗಿಸಬೇಕು. ಆ ಹಣವನ್ನು ಈಗಾಗಲೇ ಬೇರೆಡೆ ಹಾಕಿಬಿಟ್ಟಿರುವ ಮಾಲೀಕರು ಕಟ್ಟಡದ ವಿಮೆ ಇಲ್ಲದೆ ಒಂದು ದಿನವೂ ಇರಬಾರದು.

ಬಾಡಿಗೆದಾರರಿಗೆ ಹೇಳಲೇಬೇಕಾದ ಮಾತು

ಓನರ್ ವಿಮೆ ಮಾಡಿಸಿದ್ದಾರೆ ಎಂದು ಕೇಳಿದ ಬಾಡಿಗೆದಾರರು ತಮ್ಮ ಸಾಮಾನೂ ಅದರಲ್ಲಿ ಸೇರಿದೆ ಎಂದು ನಂಬಿಕೊಂಡಿರುತ್ತಾರೆ. ಸೇರಿರುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಜೋಡಿಯ ಮನೆಯಲ್ಲಿ ಟೀವಿ, ಫ್ರಿಜ್ಜು, ಎರಡು ಲ್ಯಾಪ್‌ಟಾಪು, ಮಂಚ, ಬಟ್ಟೆ ಎಂದು ಲೆಕ್ಕ ಹಾಕಿದರೆ ಲಕ್ಷಗಳಲ್ಲೇ ನಿಲ್ಲುತ್ತದೆ. ಖಾಲಿ ಫ್ಲ್ಯಾಟಿನಲ್ಲಿ ಸಾಮಾನಿನ ವಿಮೆ ನಿಜವಾಗಿ ಬೇಕಿರುವುದು ಅವರಿಗೆ. ಭಾರತ್ ಗೃಹ ರಕ್ಷಾದ ಸಾಮಾನಿನ ಭಾಗವನ್ನು ಮಾತ್ರ ಅವರು ತಮ್ಮ ಹೆಸರಿನಲ್ಲಿ ಕೊಳ್ಳಬಹುದು. ಸ್ವಂತ ಮನೆ ಇರಬೇಕೆಂಬ ನಿಯಮ ಇದಕ್ಕಿಲ್ಲ.

ಬಾಡಿಗೆದಾರರ ಮೇಲೂ ಹೊಣೆ ಇದೆ. ಸಹಜ ಸವೆತ ಮತ್ತು ಯಾರ ಕೈಯಲ್ಲೂ ಇಲ್ಲದ ಅವಘಡಗಳನ್ನು ಬಿಟ್ಟರೆ, ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು ಎನ್ನುತ್ತದೆ ಅದೇ 108ನೇ ಕಲಮು. ಗೋಡೆಯ ಗೀಚು, ಮುರಿದ ಹ್ಯಾಂಡಲು, ಒಡೆದ ಟೈಲು ಇಂಥವಕ್ಕೆ ವಿಮೆ ಕಂಪನಿಯ ಬಾಗಿಲು ತಟ್ಟುವಂತಿಲ್ಲ. ಅದಕ್ಕೆಂದೇ ಅಡ್ವಾನ್ಸ್ ಇರುವುದು. ಒಂದು ಕಾಲಕ್ಕೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುತ್ತಿದ್ದ ಊರು ಇದು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗಳಿಗೆ ಎರಡು ತಿಂಗಳ ಬಾಡಿಗೆಯಷ್ಟೇ ಅಡ್ವಾನ್ಸ್ ಇರಬೇಕೆಂದು ಸೂಚಿಸಿದೆ. ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಕಾನೂನು. ಆದರೂ ಅಡ್ವಾನ್ಸ್ ಕಡಿಮೆಯಾದಷ್ಟೂ ಮಾಲೀಕರು ವಿಮೆಯನ್ನು ಹೆಚ್ಚು ನೆಚ್ಚಬೇಕಾಗುತ್ತದೆ ಎಂಬುದು ಗಮನದಲ್ಲಿರಲಿ. ಹತ್ತು ತಿಂಗಳ ಅಡ್ವಾನ್ಸ್ ಕೂಡ ಸುಟ್ಟ ಮನೆಯನ್ನು ಕಟ್ಟಿಕೊಡುವುದಿಲ್ಲ.

ಅಸೋಸಿಯೇಷನ್ ಮಾಡಿಸಿರುತ್ತದೆ ಎಂಬ ನಂಬಿಕೆ

ಇಂಗ್ಲೆಂಡಿನಲ್ಲಿ ಫ್ಲ್ಯಾಟು ಕೊಂಡ ನಮ್ಮವರು ಕೇಳುವ ಪ್ರಶ್ನೆ ಸಾಮಾನಿನ ವಿಮೆಯದು ಮಾತ್ರ. ಅಲ್ಲಿ ಹೆಚ್ಚಿನ ಫ್ಲ್ಯಾಟುಗಳು ದೀರ್ಘ ಗುತ್ತಿಗೆಯವು. ಇಡೀ ಕಟ್ಟಡದ ವಿಮೆಯನ್ನು ಸಾಮಾನ್ಯವಾಗಿ ಜಾಗದ ಮೂಲ ಒಡೆಯರು ಮಾಡಿಸಿ, ಖರ್ಚನ್ನು ಸರ್ವೀಸ್ ಚಾರ್ಜಿನಲ್ಲಿ ವಸೂಲು ಮಾಡುತ್ತಾರೆ. ಅದೇ ಅಭ್ಯಾಸದಲ್ಲಿ ಬೆಂಗಳೂರಿನ ತಮ್ಮ ಫ್ಲ್ಯಾಟಿಗೂ ಯಾರೋ ವಿಮೆ ಮಾಡಿಸಿರುತ್ತಾರೆ ಎಂದುಕೊಂಡರೆ ಮೋಸ ಹೋಗುತ್ತಾರೆ. ಇಲ್ಲಿ ಅದು ತಾನಾಗಿ ಆಗುವ ಕೆಲಸವಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಕಟ್ಟಡದ ಸಾಮೂಹಿಕ ವಿಮೆಗೆ ಅವಕಾಶವಿದೆ. ಆದರೆ ಅಸೋಸಿಯೇಷನ್ ಸಭೆಯಲ್ಲಿ ಲಿಫ್ಟು, ಟ್ಯಾಂಕರ್ ನೀರು, ಪಾರ್ಕಿಂಗ್ ಜಗಳಗಳ ನಡುವೆ ವಿಮೆಯ ವಿಷಯಕ್ಕೆ ಸರದಿ ಬರುವುದು ಅಪರೂಪ.

ಸರದಿ ಬರಲೇಬೇಕು, ಅದಕ್ಕೆ ಗಟ್ಟಿ ಕಾರಣವಿದೆ. ಒಂಟಿ ಮನೆ ಬಿದ್ದರೆ ಅದರ ಒಡೆಯರು ಕಟ್ಟಿಕೊಳ್ಳಬಹುದು. ಫ್ಲ್ಯಾಟು ಹಾಗಲ್ಲ. ಪಿಲ್ಲರು, ಮೆಟ್ಟಿಲು, ಲಿಫ್ಟು, ಟ್ರಾನ್ಸ್‌ಫಾರ್ಮರು ಎಲ್ಲ ನಿಂತರೆ ಮಾತ್ರ ಮೂರನೇ ಮಹಡಿ ನಿಲ್ಲುತ್ತದೆ. ನಾವೊಬ್ಬರೇ ವಿಮೆ ಮಾಡಿಸಿ ಉಳಿದ ನಲವತ್ತು ಮಂದಿ ಮಾಡಿಸದಿದ್ದರೆ, ನಮ್ಮ ಕೈಗೆ ಹಣ ಬಂದರೂ ಕಟ್ಟಡ ಏಳುವುದಿಲ್ಲ. ನೆಲದ ಅವಿಭಜಿತ ಪಾಲು ಮಾತ್ರ ಉಳಿಯುತ್ತದೆ. ಆದ್ದರಿಂದ ಮಾಲೀಕರು ಅಸೋಸಿಯೇಷನ್ನಿನಿಂದ ಪಾಲಿಸಿಯ ಪ್ರತಿ ಕೇಳಿ ಪಡೆಯಬೇಕು. ಅದು ಲಿಫ್ಟು, ಜನರೇಟರಿನಂಥ ಸಾಮಾನ್ಯ ಭಾಗಗಳಿಗೆ ಮಾತ್ರವೇ ಅಥವಾ ಫ್ಲ್ಯಾಟುಗಳ ಒಳಭಾಗಕ್ಕೂ ಅನ್ವಯಿಸುತ್ತದೆಯೇ ಎಂದು ಓದಬೇಕು. ಇಡೀ ಕಟ್ಟಡಕ್ಕೆ ಸಾಮೂಹಿಕ ಪಾಲಿಸಿ ಇದ್ದರೆ ಅದರ ಮೇಲೆ ಮತ್ತೊಂದು ಪೂರ್ಣ ಮೊತ್ತದ ಪಾಲಿಸಿ ಬೇಡ. ಒಳಗೆ ನಾವು ಮಾಡಿಸಿದ ಇಂಟೀರಿಯರ್, ಬಾಡಿಗೆ ನಷ್ಟ, ಹೊಣೆ ಇವು ಮೂರು ಅದರಲ್ಲಿ ಸೇರಿವೆಯೇ ಎಂದು ಖಚಿತಪಡಿಸಿಕೊಂಡು ಬಿಟ್ಟುಹೋದದ್ದನ್ನು ತುಂಬಿಕೊಂಡರಾಯಿತು.

ಗೃಹಸಾಲ ತೆಗೆದವರಿಗೆ ಇನ್ನೊಂದು ಭ್ರಮೆ ಇದೆ. ಸಾಲದ ಜೊತೆ ಬ್ಯಾಂಕಿನವರು ಸಹಿ ಹಾಕಿಸಿಕೊಂಡ ವಿಮೆ ಮನೆಯದೇ ಎಂದು ಅವರು ತಿಳಿದಿರುತ್ತಾರೆ. ಅನೇಕ ಸಲ ಅದು ಜೀವ ವಿಮೆ, ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವಂಥದು. ಮನೆಯದೇ ಆಗಿದ್ದರೂ ವಿಮಾ ಮೊತ್ತವನ್ನು ಸಾಲದ ಮೊತ್ತಕ್ಕೆ ಸರಿಯಾಗಿ ಇಟ್ಟಿರಬಹುದು, ಸಾಲದ ಜೊತೆಗೇ ಅವಧಿಯೂ ಮುಗಿಯಬಹುದು. ಕಡತ ತೆಗೆದು ಒಮ್ಮೆ ಓದಿದರೆ ಹತ್ತು ನಿಮಿಷದಲ್ಲಿ ಸಂಶಯ ಪರಿಹಾರವಾಗುತ್ತದೆ.

ಸಾಮಾನಿನ ವಿಮೆ ಯಾರಿಗೆ ಬೇಕು

ಹಾಗಾದರೆ ಯಾವ ಮಾಲೀಕರೂ ಸಾಮಾನಿಗೆ ಹೆಚ್ಚಿನ ಮೊತ್ತ ಕೇಳಬೇಕಿಲ್ಲವೇ? ಕೆಲವರು ಕೇಳಬೇಕು. ಎಲ್ಲ ರೂಮಿಗೂ ಎಸಿ, ದೊಡ್ಡ ಫ್ರಿಜ್ಜು, ಸೋಫಾ ಸೆಟ್ಟು ಇಟ್ಟು ‘ಫುಲ್ಲಿ ಫರ್ನಿಶ್ಡ್’ ಎಂದು ಕೊಡುವವರಿಗೆ ಶೇ 20ರ ಮಿತಿ ಸಾಲದೆ ಹೋಗಬಹುದು. ಅವರು ವಸ್ತುಗಳ ವಿವರ ಕೊಟ್ಟು ಮೊತ್ತ ಹೆಚ್ಚಿಸಿಕೊಳ್ಳಬಹುದು. ಒಂದು ರೂಮಿಗೆ ಬೀಗ ಹಾಕಿ ತಮ್ಮ ಹಳೆಯ ಸಾಮಾನು ತುಂಬಿಟ್ಟು ಉಳಿದ ಮನೆಯನ್ನು ಬಾಡಿಗೆಗೆ ಕೊಡುವ ವಿದೇಶವಾಸಿಗಳು ಇನ್ನೊಂದು ಗುಂಪು. ಆ ರೂಮಿನಲ್ಲಿ ತಾತನ ಕಾಲದ ಬೆಳ್ಳಿ ಪಾತ್ರೆ, ಬೆಲೆಬಾಳುವ ಚಿತ್ರಪಟಗಳಿದ್ದರೆ ಸಾಮಾನ್ಯ ಸಾಮಾನಿನ ರಕ್ಷಣೆ ಅವಕ್ಕೆ ಅನ್ವಯಿಸುವುದಿಲ್ಲ. ಬೆಲೆಬಾಳುವ ವಸ್ತುಗಳೆಂದು ಬೇರೆಯಾಗಿ ನಮೂದಿಸಬೇಕು. ಅದಕ್ಕಿಂತ ಅವನ್ನು ಬಾಡಿಗೆ ಮನೆಯಿಂದ ಹೊರಗೆ ಸಾಗಿಸುವುದು ಲೇಸು.

ಎಷ್ಟು ಮೊತ್ತಕ್ಕೆ, ಯಾವ ಕಾಗದ

ಫ್ಲ್ಯಾಟಿನ ಮಾರುಕಟ್ಟೆ ಬೆಲೆ ₹90 ಲಕ್ಷ ಎಂದು ಅಷ್ಟಕ್ಕೂ ವಿಮೆ ಮಾಡಿಸುವುದು ವ್ಯರ್ಥ. ಆ ಬೆಲೆಯಲ್ಲಿ ನೆಲದ ಬೆಲೆ, ಬಡಾವಣೆಯ ಬೆಲೆ ಎಲ್ಲ ಸೇರಿದೆ. ನೆಲ ಸುಡುವುದಿಲ್ಲ. ಕಾರ್ಪೆಟ್ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ವೆಚ್ಚದಿಂದ ಗುಣಿಸಿದರೆ ಸಿಗುವುದೇ ಕಟ್ಟಡದ ವಿಮಾ ಮೊತ್ತ. ಉದಾಹರಣೆಗೆ 1,000 ಚದರ ಅಡಿಗೆ ಅಡಿಯೊಂದಕ್ಕೆ ₹3,000 ಹಿಡಿದರೆ ₹30 ಲಕ್ಷ. ದೀರ್ಘಾವಧಿಯ ಪಾಲಿಸಿಯಲ್ಲಿ ಈ ಮೊತ್ತ ಹೆಚ್ಚುವರಿ ಪ್ರೀಮಿಯಂ ಇಲ್ಲದೆ ವರ್ಷಕ್ಕೆ ಶೇ 10ರಂತೆ ತಾನೇ ಏರುತ್ತದೆ. ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಹಿಂದಿನಂತೆ ‘ಕಡಿಮೆ ಮೊತ್ತಕ್ಕೆ ಮಾಡಿಸಿದ್ದೀರಿ’ ಎಂದು ಕ್ಲೇಮನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವಂತಿಲ್ಲ. ಪ್ರೀಮಿಯಂ ಒಂದು ತಿಂಗಳ ಬಾಡಿಗೆಯ ಸಣ್ಣ ಪಾಲು. ಅದರ ಮೇಲೆ ಶೇ 18ರ ಜಿಎಸ್‌ಟಿ ಉಂಟು. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಸಿಕ್ಕ ವಿನಾಯಿತಿ ಮನೆ ವಿಮೆಗೆ ಸಿಗಲಿಲ್ಲ. ಸಿಗಬೇಕಿತ್ತು. ಆದಾಯ ತೆರಿಗೆಯಲ್ಲೂ ಬಾಡಿಗೆ ಆದಾಯದಿಂದ ಒಟ್ಟಾರೆ ಶೇ 30ರ ಕಡಿತ ಇರುವುದರಿಂದ ಪ್ರೀಮಿಯಂ ಅನ್ನು ಬೇರೆಯಾಗಿ ತೋರಿಸುವಂತಿಲ್ಲ.

ಕಾಗದಪತ್ರದ ವಿಷಯಕ್ಕೆ ಬಂದರೆ, ಹೆಚ್ಚಿನ ಮಾಲೀಕರ ಬಳಿ ಅತ್ಯುತ್ತಮ ದಾಖಲೆಯೊಂದು ಈಗಾಗಲೇ ಇದೆ. ಹನ್ನೊಂದು ತಿಂಗಳ ಅಗ್ರಿಮೆಂಟಿನ ಕೊನೆಯ ಪುಟದ ಅನುಬಂಧ: ಫ್ಯಾನು 5, ಗೀಸರು 2, ಟ್ಯೂಬ್‌ಲೈಟು 6, ಚಿಮಣಿ 1, ಬೀಗದ ಕೈ 3. ಅಡ್ವಾನ್ಸ್ ಜಗಳ ತಪ್ಪಿಸಲೆಂದು ಬರೆಯುವ ಈ ಪಟ್ಟಿಗೆ ಕಂಪನಿಯ ಹೆಸರು, ಕೂರಿಸಿದ ವರ್ಷ ಸೇರಿಸಿ, ಬಾಡಿಗೆದಾರರು ಬರುವ ಮುಂಚೆ ಪ್ರತಿ ರೂಮಿನ ಫೋಟೊ ತೆಗೆದಿಟ್ಟರೆ ಕ್ಲೇಮಿನ ಅರ್ಧ ಕೆಲಸ ಮುಗಿದಂತೆ. ಎರಡೂ ಕಡೆಯವರ ಸಹಿ ಇರುವ ಪಟ್ಟಿಯನ್ನು ಸರ್ವೇಯರ್ ಅಲ್ಲಗಳೆಯುವುದು ಕಷ್ಟ.

ಮನೆ ಬಾಡಿಗೆಗೆ ಹೋದಾಗ, ಬಾಡಿಗೆದಾರರು ಖಾಲಿ ಮಾಡಿದಾಗ, ಮನೆ ಬಹುಕಾಲ ಬೀಗ ಬಿದ್ದಿರುವಾಗ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಕ್ಷೇಮ. ವಾಸಕ್ಕೆಂದು ಕೊಟ್ಟ ಮನೆಯಲ್ಲಿ ಬಾಡಿಗೆದಾರರು ಕ್ಲೌಡ್ ಕಿಚನ್ನೋ ಗೋದಾಮೋ ತೆರೆದರೆ ಪಾಲಿಸಿಯ ತಳಹದಿಯೇ ಅಲುಗುತ್ತದೆ. ಈ ಪಾಲಿಸಿ ಇರುವುದು ವಾಸದ ಮನೆಗೆ. ಹೊಸ ಕಟ್ಟಡದಲ್ಲಿ ಬಿರುಕು, ಸೋರಿಕೆ ಕಂಡರೆ ವಿಮೆಗಿಂತ ಮೊದಲು ಬಿಲ್ಡರ್ ಕಡೆ ನೋಡಬೇಕು. ರೇರಾ ಕಾಯ್ದೆಯ ಪ್ರಕಾರ ಮನೆ ಕೈಗೆ ಬಂದ ಐದು ವರ್ಷದೊಳಗೆ ಕಂಡ ರಚನಾತ್ಮಕ ದೋಷಗಳನ್ನು ಅವರು ಉಚಿತವಾಗಿ ಸರಿಪಡಿಸಬೇಕು. ಕ್ಲೇಮ್ ತಿರಸ್ಕಾರವಾದರೆ ಅಥವಾ ಕಂಪನಿ ಒಂದು ತಿಂಗಳಾದರೂ ಉತ್ತರಿಸದಿದ್ದರೆ ಬೆಂಗಳೂರಿನಲ್ಲೇ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ₹50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ.

ಇಷ್ಟೆಲ್ಲದರ ಸಾರ ಹೀಗಿದೆ. ಖಾಲಿ ಫ್ಲ್ಯಾಟಿನ ಮಾಲೀಕರು ಸಾಮಾನಿನ ವಿಮೆಯ ಬಗ್ಗೆ ತಲೆಕೆಡಿಸಿಕೊಳ್ಳುವ ಬದಲು ಕಟ್ಟಡಕ್ಕೆ ಸರಿಯಾದ ಮೊತ್ತದ ವಿಮೆ, ನೆರೆಯವರಿಗೆ ಆಗಬಹುದಾದ ನಷ್ಟಕ್ಕೆ ಹೊಣೆಯ ರಕ್ಷಣೆ, ಬಾಡಿಗೆಗೆ ಲಿಖಿತ ಕರಾರು ಈ ಮೂರನ್ನು ಗಟ್ಟಿ ಮಾಡಿಕೊಳ್ಳಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಚಾಳಿ ವಿಮೆಯಲ್ಲಂತೂ ನಡೆಯುವುದಿಲ್ಲ, ಅವಘಡದ ಮರುದಿನ ಪಾಲಿಸಿ ಕೊಡುವವರು ಯಾರೂ ಇಲ್ಲ. ಜೊತೆಗೆ ಮುಂದಿನ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿ: ‘ಮಾಲೀಕರ ವಿಮೆ ಕಟ್ಟಡಕ್ಕೆ ಮಾತ್ರ, ಬಾಡಿಗೆದಾರರ ವಸ್ತುಗಳಿಗೆ ಅವರೇ ವಿಮೆ ಮಾಡಿಸಿಕೊಳ್ಳತಕ್ಕದ್ದು.’ ಬೀಗದ ಕೈ ಕೊಡುವ ದಿನ ಅದನ್ನು ಬಾಯಿಬಿಟ್ಟು ಓದಿ ಹೇಳಿ. ನಿಮ್ಮ ಮನೆಯನ್ನು ನಂಬಿ ಬಂದವರು ತಮಗೆ ಇಲ್ಲದ ರಕ್ಷಣೆಯನ್ನು ಇದೆಯೆಂದು ನೆಚ್ಚಿಕೊಂಡು ಕೂರಬಾರದು.